ಸೂಟಿಯೋ, ಖಾಡಾವೋ? ಗುತ್ತಿಗೆ ದುಡಿಮೆಯಲ್ಲಿ ಬಿಡುವಿನ ಲೆಕ್ಕ

ಸಾಂಗಲಿ: ಗಡಿಭಾಗದ ಮಾತಿನಲ್ಲಿ ಕೆಲಸಕ್ಕೆ ಹೋಗದ ದಿನಕ್ಕೆ ಎರಡು ಹೆಸರಿವೆ. ಒಂದು ಸೂಟಿ, ಇನ್ನೊಂದು ಖಾಡಾ. ಶಾಲೆಯ ಮಾಸ್ತರರು, ಬ್ಯಾಂಕಿನ ಸಾಹೇಬರು ಒಂದು ದಿನ ಮನೆಯಲ್ಲಿ ಉಳಿದರೆ ಅದು ಸೂಟಿ. ಅಂದಿನ ಪಗಾರ ಅವರಿಗೆ ಬಂದೇ ಬರುತ್ತದೆ. ಕಬ್ಬು ಕಡಿಯುವ ಜೋಡಿ, ಬಾಡಿಗೆ ಟೆಂಪೋ ಓಡಿಸುವ ಹುಡುಗ, ಮದುವೆಯ ಫೋಟೋ ತೆಗೆಯುವವ ಅದೇ ದಿನ ಮನೆಯಲ್ಲಿ ಉಳಿದರೆ ಅದು ಖಾಡಾ; ಅಂದಿನ ಗಳಿಕೆ ಸೊನ್ನೆ, ಕೆಲವೆಡೆ ಮೇಲಿಂದ ದಂಡ ಬೇರೆ. ದಿನ ಒಂದೇ, ದಣಿವೂ ಒಂದೇ. ವ್ಯತ್ಯಾಸವಿರುವುದು ಆ ದಿನದ ಖರ್ಚನ್ನು ಯಾರು ಹೊರುತ್ತಾರೆ ಎಂಬುದರಲ್ಲಿ.

ಸಾಂಗಲಿ–ಮಿರಜ ಅವಳಿ ನಗರಗಳಿಗೆ ಜತ್ತ, ಕವಠೆ ಮಹಾಂಕಾಳ ಕಡೆಯಿಂದಲೂ ಗಡಿಯಾಚೆಯ ಕಾಗವಾಡ, ಅಥಣಿ ಕಡೆಯಿಂದಲೂ ದುಡಿಯಲು ಬರುವವರಲ್ಲಿ ಬಹಳಷ್ಟು ಮಂದಿಗೆ ಕಾಯಂ ನೌಕರಿ ಇಲ್ಲ. ಕುಪವಾಡ, ಮಿರಜದ ಕಾರ್ಖಾನೆಗಳಲ್ಲಿ ಕಂತ್ರಾಟಿ ಕೆಲಸ, ಕಟ್ಟಡ ಕೆಲಸ, ವಾಹನ ಚಾಲನೆ, ಆಸ್ಪತ್ರೆಗಳಲ್ಲಿ ಗುತ್ತಿಗೆ ಸೇವೆ, ಕಾಲೇಜುಗಳಲ್ಲಿ ತಾಸಿಗಿಷ್ಟು ಎಂಬ ಪಾಠ, ಮರಾಠಿ–ಕನ್ನಡ ಅನುವಾದ, ಕಂಪ್ಯೂಟರ್ ಡಿಟಿಪಿ, ಹೊಲಿಗೆ ಹೀಗೆ ಬಗೆ ಬಗೆಯ ಬಿಡಿ ದುಡಿಮೆ. ‘ಮನೆಗೂ ಸಮಯ ಕೊಡಿ, ಆಗಾಗ ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಇಂಥವರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಅವರು ಬಿಡುವು ತೆಗೆದುಕೊಳ್ಳದಿರುವುದು ಮನಸ್ಸಿಲ್ಲದೆ ಅಲ್ಲ, ಅವರಿಗೆ ಸಿಗುವ ದರದಲ್ಲಿ ಬಿಡುವಿಗೆ ಜಾಗವೇ ಇರುವುದಿಲ್ಲ. ಆ ಜಾಗ ಮಾಡಿಕೊಳ್ಳುವುದು ಹೇಗೆ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಒಳ್ಳೆಯ ಉದಾಹರಣೆಯೂ ಇದೆ, ಕೆಟ್ಟ ಉದಾಹರಣೆಯೂ ಇದೆ.

ರವಿವಾರದ ಸೂಟಿ ಬಂದದ್ದು ಹೇಗೆ?

ಹಳ್ಳಿಯ ಒಕ್ಕಲುತನದಲ್ಲಿ ಬಿಡುವು ಹೊಸದೇನಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬ ಪದ್ಧತಿ ಗಡಿಯ ಎರಡೂ ಬದಿಯ ಅನೇಕ ಊರುಗಳಲ್ಲಿ ಉಂಟು. ಅಮಾವಾಸ್ಯೆಗೆ ಬೇಸಾಯ ನಿಲ್ಲುತ್ತದೆ. ಕಾರ ಹುಣ್ಣಿಮೆಗೆ ಎತ್ತು ಮೈತೊಳೆಸಿಕೊಂಡು, ಕೋಡಿಗೆ ಬಣ್ಣ ಹಚ್ಚಿಸಿಕೊಂಡು ಮೆರೆಯುತ್ತದೆ. ಮರಾಠಿಗರು ಇದನ್ನೇ ಕರ್ನಾಟಕಿ ಬೆಂದೂರ ಎನ್ನುತ್ತಾರೆ. ಎತ್ತು ದಣಿದರೆ ಒಕ್ಕಲುತನ ನಿಲ್ಲುತ್ತದೆ ಎಂಬುದನ್ನು ರೈತ ಅರಿತಿದ್ದ. ಎತ್ತಿಗೆ ಸಿಕ್ಕ ಈ ವಾರದ ಬಿಡುವು ಗಿರಣಿಯ ಕೂಲಿಕಾರನಿಗೆ ಸಿಗಲು ಹೋರಾಟವೇ ಬೇಕಾಯಿತು.

ಮಹಾತ್ಮಾ ಫುಲೆಯವರ ಸಂಗಡಿಗರೂ ‘ದೀನಬಂಧು’ ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿ ಗಿರಣಿ ಕಾರ್ಮಿಕರನ್ನು ಸಂಘಟಿಸಿ ವಾರಕ್ಕೊಂದು ರಜೆ ಕೊಡಬೇಕೆಂದು ಬೇಡಿಕೆ ಇಟ್ಟರು. ರವಿವಾರವೇ ಏಕೆ ಎಂದರೆ ಅದು ಖಂಡೋಬಾನ ವಾರ ಎಂದು ಅವರು ವಾದಿಸಿದ್ದರು ಎನ್ನಲಾಗುತ್ತದೆ. ಕನ್ನಡಿಗರಿಗೆ ಖಂಡೋಬಾ ಎಂದರೆ ಮೈಲಾರಲಿಂಗ. ಆರು ವರ್ಷಗಳ ಬಳಿಕ, 1890ರ ಜೂನ್ 10ರಂದು, ಗಿರಣಿ ಮಾಲೀಕರು ರವಿವಾರದ ರಜೆಗೆ ಒಪ್ಪಿದರು. ರಜೆಯೇನೋ ಸಿಕ್ಕಿತು, ಆದರೆ ಆ ದಿನದ ಖರ್ಚು ಪಗಾರದೊಳಗೆ ಸೇರಲು ಮುಂದೆ ಎಷ್ಟೋ ಕಾನೂನುಗಳು ಬರಬೇಕಾಯಿತು.

26ರ ಲೆಕ್ಕ

ಕಾಯಂ ನೌಕರರ ಪಗಾರದಲ್ಲಿ ಬಿಡುವು ಹೇಗೆ ಸೇರಿದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಕನಿಷ್ಠ ವೇತನದ ಪದ್ಧತಿಯಲ್ಲಿ ತಿಂಗಳ ವೇತನದಿಂದ ದಿನಗೂಲಿ ತೆಗೆಯುವಾಗ ಸಾಮಾನ್ಯವಾಗಿ 30ರಿಂದ ಅಲ್ಲ, 26ರಿಂದ ಭಾಗಿಸುತ್ತಾರೆ. ತಿಂಗಳಲ್ಲಿ ನಾಲ್ಕು ವಾರದ ರಜೆ ತೆಗೆದರೆ ಉಳಿಯುವುದು 26 ದಿನ. ತಿಂಗಳಿಗೆ 13,000 ರೂ. ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 500 ರೂ. 30ರಿಂದ ಭಾಗಿಸಿದರೆ ಸುಮಾರು 433 ರೂ. ಈ 67 ರೂಪಾಯಿಯಲ್ಲೇ ರವಿವಾರ ಅಡಗಿದೆ.

ದಿನಕ್ಕೆ 433 ರೂ.ಗೆ ಒಪ್ಪಿಕೊಂಡವನು ತಿಂಗಳ ಪೂರ್ತಿ ಒಂದು ದಿನವೂ ಬಿಡದೆ ದುಡಿದರೆ ಮಾತ್ರ 13,000 ರೂ. ಕಾಣುತ್ತಾನೆ. ಮಗುವಿಗೆ ಜ್ವರ ಬಂದರೆ, ಊರಲ್ಲಿ ಮಣ್ಣಾದರೆ, ಜಾತ್ರೆ ಬಂದರೆ ಅವನ ಕೈಯಿಂದಲೇ ಹಣ ಹೋಗುತ್ತದೆ. ಗುತ್ತಿಗೆ ದುಡಿಮೆಯ ಹೆಚ್ಚಿನ ತೊಂದರೆಗಳ ಬೇರು ಇಲ್ಲಿದೆ.

ಕಬ್ಬಿನ ಹೊಲದಲ್ಲಿ ಬಿಡುವಿಗೆ ದಂಡ

ಈ ಲೆಕ್ಕದ ಅತ್ಯಂತ ಕಠೋರ ರೂಪ ಕಾಣಬೇಕಾದರೆ ಕೃಷ್ಣಾ ತೀರದ ಕಬ್ಬಿನ ಗದ್ದೆಗಳಿಗೆ ಬರಬೇಕು. ಹಂಗಾಮು ಶುರುವಾಗುವ ಹೊತ್ತಿಗೆ ಮರಾಠವಾಡದ ಬೀಡ್ ಕಡೆಯಿಂದಲೂ ಜತ್ತದಂಥ ಒಣ ತಾಲ್ಲೂಕುಗಳಿಂದಲೂ ಕಟಾವಿನ ಟೋಳಿಗಳು ಸಾಂಗಲಿ, ಕೊಲ್ಲಾಪುರ, ಬೆಳಗಾವಿ ಜಿಲ್ಲೆಗಳ ಕಾರ್ಖಾನೆ ಭಾಗಕ್ಕೆ ಇಳಿಯುತ್ತವೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಮುಕಾದಮನಿಂದ ಮೊದಲೇ ‘ಉಚಲ್’ ಎಂಬ ಮುಂಗಡ ಪಡೆದಿರುತ್ತಾರೆ. ಕಡಿದ ಟನ್ನಿನ ಲೆಕ್ಕದಲ್ಲಿ ಅದು ವಜಾ ಆಗುತ್ತಾ ಹೋಗುತ್ತದೆ. ಹಂಗಾಮು ಮುಗಿದರೂ ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ.

ಮಹಾರಾಷ್ಟ್ರದಲ್ಲಿ 2024ರ ಜನವರಿಯಲ್ಲಿ ಆದ ಒಪ್ಪಂದದಂತೆ ಕಟಾವಿನ ದರ ಟನ್ನಿಗೆ 273 ರೂ.ಯಿಂದ 366 ರೂ.ಗೆ ಏರಿತು, ಅಂದರೆ ಶೇ. 34ರಷ್ಟು ಹೆಚ್ಚಳ. ಒಂದು ಜೋಡಿ ದಿನಕ್ಕೆ ಎರಡು ಟನ್ ಕಡಿದರೆ 732 ರೂ. ಆಯಿತು. ಅಂದು ಹೋಗದಿದ್ದರೆ ಈ 732 ರೂ. ಇಲ್ಲ. ಇಷ್ಟಕ್ಕೇ ನಿಲ್ಲುವುದಿಲ್ಲ; ಖಾಡಾ ಹಾಕಿದ್ದಕ್ಕೆ ಮುಕಾದಮ ದಂಡವನ್ನೂ ಮುರಿದುಕೊಳ್ಳುವ ರೂಢಿ ಇದೆ. ದಿನಕ್ಕೆ 500 ರೂ. ದಂಡವೆಂದು 2019ರಲ್ಲಿ ಬೀಡ್ ಜಿಲ್ಲೆಯಿಂದ ವರದಿಗಳು ಬಂದಿದ್ದವು. ಎರಡನ್ನೂ ಕೂಡಿಸಿದರೆ ಒಂದು ದಿನದ ವಿಶ್ರಾಂತಿಯ ಬೆಲೆ 1,232 ರೂ. ಎರಡು ದಿನ ಬೆವರು ಸುರಿಸಿದರೂ ಒಂದು ದಿನದ ಬಿಡುವಿನ ಖರ್ಚು ಕಳೆದು ಉಳಿಯುವುದು ಕೇವಲ 232 ರೂ.

ಇದರ ಪರಿಣಾಮ ಎಲ್ಲಿಗೆ ಮುಟ್ಟಿತು ಎಂಬುದನ್ನು ಅದೇ ವರ್ಷ ನಾಡೆಲ್ಲ ಕಂಡಿತು. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಗರ್ಭಕೋಶ ತೆಗೆಸಿಕೊಂಡವರು ಹೆಚ್ಚಿದ್ದಾರೆಂಬ ಸುದ್ದಿ ಬಂದು, ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸಮೀಕ್ಷೆಗೆ ಒಳಪಟ್ಟ 82,309 ಮಹಿಳೆಯರಲ್ಲಿ 13,861 ಮಂದಿಗೆ ಆ ಶಸ್ತ್ರಕ್ರಿಯೆ ಆಗಿತ್ತು. ಕಾರಣಗಳು ಹಲವು. ಆದರೆ ಮುಟ್ಟಿನ ದಿನ, ಹೊಟ್ಟೆನೋವಿನ ದಿನ ಕೆಲಸ ತಪ್ಪಿದರೆ ದಂಡ ಬೀಳುತ್ತದೆ ಎಂಬ ಅಂಜಿಕೆಯೂ ಅವುಗಳಲ್ಲಿ ಒಂದಾಗಿತ್ತು. ಬಿಡುವಿಗೆ ದಂಡ ಹಾಕಿದರೆ ಮನುಷ್ಯರು ದೇಹವನ್ನೇ ಕತ್ತರಿಸಿಕೊಳ್ಳುವ ಸ್ಥಿತಿ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೊಂದು ಸಂಕಟ ಹಬ್ಬದ್ದು. ಜತ್ತ ತಾಲ್ಲೂಕಿನ ಗುಡ್ಡಾಪುರ ದಾನಮ್ಮದೇವಿಯ ಜಾತ್ರೆ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಎರಡೂ ಕಬ್ಬಿನ ಹಂಗಾಮಿನ ತಿಂಗಳುಗಳಲ್ಲೇ ಬರುತ್ತವೆ. ಊರೆಲ್ಲ ತೇರಿನ ಮುಂದೆ ಇರುವಾಗ ಕೊಯ್ತಾ ಹಿಡಿದವರು ಗದ್ದೆಯಲ್ಲಿರುತ್ತಾರೆ. ಹಾಗಾಗಿ ತಿಳಿದ ಟೋಳಿಗಳು ಉಚಲ್ ತೆಗೆದುಕೊಳ್ಳುವ ದಿನವೇ ‘ಜಾತ್ರೆಗೆ ಇಷ್ಟು ದಿನ, ದಂಡವಿಲ್ಲ’ ಎಂದು ಮಾತು ಮಾಡಿಕೊಳ್ಳುವುದು ಲೇಸು. ಹಣ ಕೈಗೆ ಬಂದ ಮೇಲೆ ಮಾತಿಗೆ ಬಲವಿರುವುದಿಲ್ಲ.

ಹಮಾಲರು ಕಂಡ ದಾರಿ

ಇನ್ನು ಒಳ್ಳೆಯ ಉದಾಹರಣೆ. ಸಾಂಗಲಿಯ ಅರಿಸಿನ ಪೇಟೆ ಹೆಸರಾದದ್ದು; ಸಾಂಗಲಿ ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇಂಥ ಪೇಟೆಗಳಲ್ಲಿ ಚೀಲ ಎತ್ತಿಳಿಸುವ ಹಮಾಲನದು ಪಕ್ಕಾ ಬಿಡಿ ದುಡಿಮೆ. ಇಂದು ಈ ಅಡತಿಯ ಲಾರಿ, ನಾಳೆ ಆ ವ್ಯಾಪಾರಿಯ ಗೋದಾಮು. ಇವನೇ ಮಾಲೀಕ ಎಂದು ತೋರಿಸಲು ಒಬ್ಬನೂ ಇಲ್ಲ. ಮಾಲೀಕನೇ ಇಲ್ಲದವನಿಗೆ ರಜೆ ಕೊಡುವವರು ಯಾರು?

ಈ ಪ್ರಶ್ನೆಗೆ ಮಹಾರಾಷ್ಟ್ರ 1969ರಲ್ಲಿ ಉತ್ತರ ಕಂಡುಕೊಂಡಿತು. ಅಣ್ಣಾಸಾಹೇಬ ಪಾಟೀಲರಂಥ ಮುಖಂಡರ ಹೋರಾಟದ ಫಲವಾಗಿ ಬಂದ ಮಾಥಾಡಿ, ಹಮಾಲ ಮತ್ತು ಇತರ ಶ್ರಮಜೀವಿ ಕಾಮಗಾರ ಕಾನೂನಿನ ತಿರುಳು ಸರಳ. ಕೆಲಸ ಕೊಡುವವನು ಕೂಲಿಯನ್ನು ನೇರವಾಗಿ ಕೊಡದೆ ಒಂದು ಮಂಡಳಿಗೆ ಕಟ್ಟುತ್ತಾನೆ. ಕೂಲಿಯ ಮೇಲೆ ಇಂತಿಷ್ಟು ಶೇಕಡಾ ‘ಲೆವಿ’ಯನ್ನೂ ಕಟ್ಟಬೇಕು. ಮಂಡಳಿಯಲ್ಲಿ ನೋಂದಾಯಿಸಿದ ಹಮಾಲನಿಗೆ ಕೂಲಿ ಮಂಡಳಿಯಿಂದ ಬರುತ್ತದೆ. ಲೆವಿಯ ಹಣದಿಂದ ಭವಿಷ್ಯ ನಿಧಿ, ಬೋನಸ್, ಔಷಧೋಪಚಾರ, ವೇತನ ಸಹಿತ ರಜೆ ನಡೆಯುತ್ತವೆ.

ಅಂದರೆ ನೂರು ವ್ಯಾಪಾರಿಗಳಿಗೆ ದುಡಿದರೂ ಪ್ರತಿ ಚೀಲದ ಕೂಲಿಯಲ್ಲಿ ಒಂದು ಚೂರು ಬಿಡುವಿಗೆಂದು ತೆಗೆದಿಡಲಾಗುತ್ತದೆ. ಆ ಚೂರು ಕೂಡಿದಾಗ ಒಂದು ದಿನದ ಸೂಟಿ ಆಗುತ್ತದೆ. ಎಲ್ಲ ಹಮಾಲರೂ ನೋಂದಣಿಯಾಗಿಲ್ಲ, ಲೆವಿ ತಪ್ಪಿಸುವವರೂ ಇದ್ದಾರೆ ಎಂಬ ದೂರು ಹಳೆಯದೇ. ಆದರೂ ಬಿಡಿ ದುಡಿಮೆಗೂ ರಜೆ ಹೊಂದಿಸಬಹುದು ಎಂಬುದನ್ನು ಈ ಕಾನೂನು ಐವತ್ತು ವರ್ಷಕ್ಕೂ ಹಿಂದೆಯೇ ತೋರಿಸಿಕೊಟ್ಟಿದೆ.

ಸಿತಾರದ ಗಲ್ಲಿಯ ಪಾಠ

ಮಿರಜದ ಸಿತಾರ, ತಂಬೂರಿ ತಯಾರಕರ ಕಥೆ ಬೇರೆ ಬಗೆಯದು. ಪಟವರ್ಧನ ಸಂಸ್ಥಾನದ ಕಾಲದಲ್ಲಿ, 19ನೇ ಶತಮಾನದ ನಡುಭಾಗದಲ್ಲಿ, ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಈ ಕಸುಬಿಗೆ ಕೈಹಾಕಿದರು. ಇಂದು ಮಿರಜದ ಸಿತಾರ ಮತ್ತು ತಂಬೂರಿಗಳಿಗೂ 2024ರಲ್ಲಿ ದೊರೆತ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ಈ ಕೆಲಸವೂ ಆರ್ಡರ್ ಮೇಲೆ ನಡೆಯುವಂಥದ್ದು. ಆದರೆ ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಪಂಢರಪುರ, ಮಂಗಳವೇಢೆ ಕಡೆಯಿಂದ ಬರುವ ದೊಡ್ಡ ಸೋರೆಬುರುಡೆ ತಿಂಗಳುಗಟ್ಟಲೆ ಒಣಗಬೇಕು, ಕಟ್ಟಿಗೆ ಹದಕ್ಕೆ ಬರಬೇಕು, ಪಾಲಿಶ್ ಆರಬೇಕು. ಕೊನೆಗೆ ಘೋಡಿಯನ್ನು ಅರದಿಂದ ತೀಡಿ ನಾದಕ್ಕೆ ಗುಂಗು ಬರಿಸುವ ‘ಜವಾರಿ’ ಕೆಲಸವನ್ನು ದಣಿದ ಕಿವಿಯಿಂದ ಮಾಡಲಾಗದು. ಹೀಗಾಗಿ ಸಿತಾರದ ಬೆಲೆ ಕೇವಲ ಕೈ ಆಡಿದ ತಾಸುಗಳ ಬೆಲೆಯಲ್ಲ. ಕಾಯುವ ದಿನಗಳೂ ಅದರಲ್ಲಿ ಸೇರಿರಬೇಕು.

ಬೇರೆ ಬಿಡಿ ದುಡಿಮೆಯವರಿಗೂ ಇದು ಅನ್ವಯಿಸುತ್ತದೆ. ಅನುವಾದಕ ಒಂದು ಕರಡನ್ನು ರಾತ್ರಿ ಬಿಟ್ಟು ಬೆಳಿಗ್ಗೆ ಓದಿದರೆ ತಪ್ಪು ಕಣ್ಣಿಗೆ ಬೀಳುತ್ತದೆ. ರಾತ್ರಿಯಿಡೀ ಮದುವೆ ಚಿತ್ರೀಕರಣ ಮಾಡಿದವನು ಬೆಳಿಗ್ಗೆ ಮೋಟಾರ್ ಸೈಕಲ್ ಹತ್ತುವ ಮೊದಲು ನಿದ್ದೆ ಮಾಡಲೇಬೇಕು. ಈ ಬಿಡುವು ಸೋಮಾರಿತನವಲ್ಲ, ಕೆಲಸದ ಭಾಗ. ಗಿರಾಕಿಗೆ ದಿನಾಂಕ ಹೇಳುವಾಗಲೇ ಇದನ್ನು ಸೇರಿಸಿ ಹೇಳಬೇಕು.

ಸ್ವಂತ ದರ ಕಟ್ಟುವುದು ಹೇಗೆ?

ಮಂಡಳಿಯೂ ಇಲ್ಲ, ಸಂಘವೂ ಇಲ್ಲ, ತಾನೇ ದರ ಹೇಳಬೇಕು ಎಂಬ ಸ್ಥಿತಿಯಲ್ಲಿರುವವರು ಒಂದು ಹಾಳೆಯಲ್ಲಿ ವರ್ಷದ ಲೆಕ್ಕ ಬರೆದುಕೊಳ್ಳುವುದು ಒಳ್ಳೆಯದು. ಉದಾಹರಣೆಗೆ:

ವರ್ಷದ ದಿನಗಳು 365. ವಾರಕ್ಕೊಂದರಂತೆ 52 ದಿನ ತೆಗೆಯಿರಿ, ಉಳಿದದ್ದು 313. ಹಬ್ಬ, ಜಾತ್ರೆ, ಬೀಗರ ಮದುವೆಗೆ 15 ದಿನ ತೆಗೆದರೆ 298. ತನ್ನ ಇಲ್ಲವೆ ಮನೆಯವರ ಕಾಯಿಲೆಗೆ 10 ದಿನ ತೆಗೆದರೆ 288. ಕೆಲಸವೇ ಸಿಗದ ದಿನಗಳು ಕಡಿಮೆಯೆಂದರೂ 18 ಎಂದಿಟ್ಟುಕೊಂಡರೆ ಉಳಿಯುವುದು 270 ದಿನ.

ಈಗ ಖರ್ಚು. ಮನೆ ಖರ್ಚು ತಿಂಗಳಿಗೆ 18,000 ರೂ. ಎಂದರೆ ವರ್ಷಕ್ಕೆ 2,16,000 ರೂ. ಪೆಟ್ರೋಲ್, ಮೊಬೈಲ್, ಸಲಕರಣೆ ದುರಸ್ತಿಗೆ 24,000 ರೂ. ಆಪತ್ಕಾಲದ ಉಳಿತಾಯ ಮತ್ತು ವಿಮೆಗೆ 30,000 ರೂ. ಒಟ್ಟು 2,70,000 ರೂ. ಇದನ್ನು 270 ದಿನಕ್ಕೆ ಭಾಗಿಸಿದರೆ ದಿನಕ್ಕೆ 1,000 ರೂ. ಬರಬೇಕು. ಬಿಡುವನ್ನು ಮರೆತು 360 ದಿನಕ್ಕೆ ಭಾಗಿಸಿದವನು 750 ರೂ. ದರ ಹೇಳುತ್ತಾನೆ. ಬಿಟ್ಟುಹೋದ 250 ರೂಪಾಯಿಯೇ ಅವನ ರವಿವಾರ, ಅವನ ಜಾತ್ರೆ, ಅವನ ಕಾಯಿಲೆಯ ದಿನ.

ಪೇಟೆಯಲ್ಲಿ ಪೈಪೋಟಿ ಇದೆ, 1,000 ಹೇಳಿದರೆ ಕೆಲಸ ಹೋಗುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಆದರೆ ತನ್ನ ನಿಜವಾದ ದರ ಗೊತ್ತಿದ್ದವನಿಗೆ ಎಷ್ಟು ಇಳಿಯುತ್ತಿದ್ದೇನೆ ಎಂಬುದಾದರೂ ತಿಳಿಯುತ್ತದೆ; ತೀರ ಕಡಿಮೆಯ ಕೆಲಸವನ್ನು ಬಿಡುವ ಧೈರ್ಯವೂ ಬರುತ್ತದೆ. ಒಂದೇ ಊರಿನ ನಾಲ್ಕಾರು ಫೋಟೋಗ್ರಾಫರರೋ ಚಾಲಕರೋ ಕೂಡಿ ಒಂದು ಕನಿಷ್ಠ ದರಕ್ಕೆ ಕಟ್ಟುಬಿದ್ದರೆ ಮತ್ತೂ ಒಳ್ಳೆಯದು. ಒಬ್ಬ ಊರಿಗೆ ಹೋದಾಗ ಇನ್ನೊಬ್ಬ ಅವನ ಗಿರಾಕಿಯನ್ನು ಸಂಭಾಳಿಸುವ ಮುಯ್ಯಿ ಪದ್ಧತಿ ನಮ್ಮ ಹೊಲಗಳಲ್ಲಿ ಮೊದಲಿನಿಂದಲೂ ಇದೆ. ಅದನ್ನೇ ಇಲ್ಲಿಗೂ ತರಬಹುದು.

ಕೆಲಸವಿಲ್ಲದ ದಿನ ಬಿಡುವಲ್ಲ

‘ಬಿಡಿ ದುಡಿಮೆಯವರಿಗೆ ಹೇಗೂ ಖಾಲಿ ದಿನ ಬರುತ್ತವಲ್ಲ, ಬೇರೆ ರಜೆ ಏಕೆ’ ಎಂದು ಕೇಳುವವರಿದ್ದಾರೆ. 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರು 57 ಅಡಿ ದಾಟಿತ್ತು. ಅಲ್ಲಿ ಅಪಾಯದ ಮಟ್ಟವೇ 45 ಅಡಿ. 2021ರ ಜುಲೈನಲ್ಲಿ ಮತ್ತೆ ನೆರೆ ಬಂತು. ಆ ದಿನಗಳಲ್ಲಿ ಎಷ್ಟೋ ಜನ ದುಡಿಯದೆ ಕುಳಿತರು. ಅದನ್ನು ವಿಶ್ರಾಂತಿ ಎನ್ನಲಾದೀತೆ? ನಾಳೆ ಏನು ಎಂಬ ಚಿಂತೆಯಲ್ಲಿ ಕುಳಿತ ದಿನ ದೇಹ ದುಡಿಯದಿದ್ದರೂ ದಣಿಯುತ್ತದೆ. ಬಿಡುವು ಎಂದರೆ ನಾಳೆ ಕೆಲಸ ಇದೆ, ಇಂದಿನ ಊಟಕ್ಕೆ ಹಣ ಇದೆ ಎಂಬ ನೆಮ್ಮದಿಯೊಡನೆ ಬರುವ ದಿನ. ಅದಕ್ಕಾಗಿಯೇ ಹಂಗಾಮಿನಲ್ಲಿ ಬಂದ ಹಣದಲ್ಲಿ ಒಂದು ಪಾಲನ್ನು ಬೇರೆ ಖಾತೆಯಲ್ಲಿಟ್ಟು ಕನಿಷ್ಠ ಒಂದು ತಿಂಗಳ ಮನೆ ಖರ್ಚಿಗೆ ಮುಟ್ಟದಂತೆ ಇಡಬೇಕು.

ಮನೆಯಲ್ಲೇ ಕುಳಿತು ದುಡಿಯುವವರ ಪಾಡು ಮತ್ತೊಂದು ಬಗೆ. ಹೊಲಿಗೆ ಯಂತ್ರವೋ ಕಂಪ್ಯೂಟರೋ ಒಳಕೋಣೆಯಲ್ಲೇ ಇದ್ದರೆ ಕೆಲಸಕ್ಕೆ ಹೊಸಿಲು ಇರುವುದಿಲ್ಲ. ಊಟದ ನಡುವೆ ಗಿರಾಕಿಯ ಫೋನು, ಮಗುವಿನ ಓದಿನ ನಡುವೆ ಅರ್ಜೆಂಟ್ ಕೆಲಸ. ಇಂಥವರು ದಿನದ ಒಂದು ಹೊತ್ತನ್ನು ಗೊತ್ತು ಮಾಡಿ, ಆ ಬಳಿಕ ಯಂತ್ರಕ್ಕೆ ಬಟ್ಟೆ ಹೊದಿಸಿಬಿಡಬೇಕು. ಗಿರಾಕಿಗೂ ಆ ಸಮಯ ತಿಳಿಸಿರಬೇಕು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಗಂಡನ ಸೂಟಿಯ ದಿನ ಹೆಂಡತಿಗೆ ಅಡುಗೆ, ಬಟ್ಟೆ, ನೀರು ಎಂದು ಕೆಲಸ ಹೆಚ್ಚೇ ಆಗುತ್ತದೆ. ಕಬ್ಬಿನ ಟೋಳಿಯಲ್ಲಂತೂ ಅವಳು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಗಂಡನಷ್ಟೇ ಕಬ್ಬು ಹೊತ್ತು, ಸಂಜೆ ಮತ್ತೆ ಒಲೆಯ ಮುಂದೆ ಕೂರುತ್ತಾಳೆ. ಮನೆಗೊಂದು ಬಿಡುವಿನ ದಿನ ಇದ್ದರೆ ಸಾಲದು, ಆ ದಿನ ಒಲೆಯ ಕೆಲಸ ಯಾರದು ಎಂಬುದೂ ತೀರ್ಮಾನವಾಗಿರಬೇಕು.

ದೇಹದ ಲೆಕ್ಕ

ಬಿಡುವಿಲ್ಲದ ದುಡಿಮೆಯ ಬಿಲ್ಲನ್ನು ದೇಹ ತಡವಾಗಿ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗೆ ಹೋಲಿಸಿದರೆ 55 ತಾಸು ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯಕ್ಕೆ ರಕ್ತ ಪೂರೈಕೆ ಕುಗ್ಗುವ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಇಂಥ ದೀರ್ಘ ದುಡಿಮೆಗೆ ಸಂಬಂಧಿಸಿದ ಸಾವುಗಳು ಸುಮಾರು 7,45,000. ದಿನಕ್ಕೆ ಎಂಟು ತಾಸಿನಂತೆ ಏಳು ದಿನವೂ ದುಡಿದರೆ 56 ತಾಸು ಆಗುತ್ತದೆ ಎಂಬುದನ್ನು ನೆನಪಿಡಬೇಕು. ಗಡಿಯ ಹಳ್ಳಿಗಳಿಂದ ಮಿರಜದ ದವಾಖಾನೆಗಳಿಗೆ ಹೋಗುವ ದಾರಿ ಎಲ್ಲರಿಗೂ ಗೊತ್ತು. ಅಲ್ಲಿ ಒಂದು ವಾರದಲ್ಲಿ ಖರ್ಚಾಗುವ ಹಣದಲ್ಲಿ ಎಷ್ಟು ರವಿವಾರಗಳು ಬರುತ್ತಿದ್ದವು ಎಂದು ಎಣಿಸಿದವರು ಕಡಿಮೆ.

ಕಾನೂನು ಏನು ಹೇಳುತ್ತದೆ?

ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಓದುಗರು ತಿಳಿದಿರಬೇಕಾದ ಕೆಲವು ಅಂಶಗಳು ಇವು:

ಕಾರ್ಖಾನೆ ಅಥವಾ ಸಂಸ್ಥೆಯಲ್ಲಿ ಕಂತ್ರಾಟುದಾರನ ಮೂಲಕ ದುಡಿಯುತ್ತಿದ್ದರೂ ನೀವು ಕಾರ್ಮಿಕರೇ. ಸಂಹಿತೆಯ ವ್ಯಾಪ್ತಿಯ ಸಂಸ್ಥೆಗಳಲ್ಲಿ ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ವರ್ಷದಲ್ಲಿ 180 ದಿನ ಕೆಲಸ ಮಾಡಿದವರಿಗೆ ಪ್ರತಿ 20 ದಿನಕ್ಕೆ ಒಂದರಂತೆ ವೇತನ ಸಹಿತ ರಜೆ ಸಿಗಬೇಕು. ಹಿಂದೆ ಇದಕ್ಕೆ 240 ದಿನ ಬೇಕಾಗಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಇದೆಯೇ ಎಂದು ನೋಡಿಕೊಳ್ಳುವುದು ಮೊದಲ ಕೆಲಸ.

ಆ್ಯಪ್ ಮೂಲಕ ಊಟ, ಸಾಮಾನು ತಲುಪಿಸುವವರಿಗೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮೊದಲ ಬಾರಿ ಸ್ಥಾನ ಸಿಕ್ಕಿದೆ. ಅವರ ಕಲ್ಯಾಣಕ್ಕೆ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ನೀಡಬೇಕು. ಆದರೆ ಇದು ಕಾರ್ಮಿಕರಿಗೆ ಕೊಡುವ ಮೊತ್ತದ ಶೇ. 5ನ್ನು ಮೀರುವುದಿಲ್ಲ. ಇದು ಹಮಾಲರ ಲೆವಿಯನ್ನು ಹೋಲುವ ಏರ್ಪಾಡೇ. ಆದರೆ ವೇತನ ಸಹಿತ ರಜೆಯ ಮಾತು ಇದರಲ್ಲಿಲ್ಲ. ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಪ್ರೋತ್ಸಾಹಧನ ಎಂಬ ಪದ್ಧತಿಯಲ್ಲಿ ದುಡಿಯುವವರು ಆ ಆಸೆಗೆ ನಿದ್ದೆಗೆಡುವ ಮುನ್ನ ಮೇಲಿನ 270 ದಿನದ ಲೆಕ್ಕ ಹಾಕಿಕೊಳ್ಳಬೇಕು.

ಕಟ್ಟಡ ಕಾರ್ಮಿಕರು ವರ್ಷದಲ್ಲಿ 90 ದಿನ ದುಡಿದ ದಾಖಲೆ ತೋರಿಸಿ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಬಹುದು. ಅಸಂಘಟಿತ ವಲಯದ 16ರಿಂದ 59 ವರ್ಷದವರು, ಕಬ್ಬು ಕಡಿಯುವವರೂ ಸೇರಿದಂತೆ, 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ ಯೋಜನೆಯಲ್ಲಿ ಸೇವಾ ಕೇಂದ್ರಗಳ ಮೂಲಕ ಹೆಸರು ಬರೆಸಬಹುದು; ಇದು ಉಚಿತ. ಸಿಗುವ 12 ಅಂಕಿಯ ಸಂಖ್ಯೆ ಇಡೀ ದೇಶಕ್ಕೆ ಒಂದೇ. ಹಾಗಾಗಿ ಮನೆ ಕರ್ನಾಟಕದಲ್ಲಿ, ಕೆಲಸ ಮಹಾರಾಷ್ಟ್ರದಲ್ಲಿ ಎನ್ನುವ ಗಡಿ ಜನರಿಗೂ ತೊಡಕಿಲ್ಲ.

ಕೊನೆಯದಾಗಿ ಒಪ್ಪಂದದ ಕಾಗದ. ಈ ಭಾಗದಲ್ಲಿ ಕರಾರು ಪತ್ರಗಳು ಹೆಚ್ಚಾಗಿ ಮರಾಠಿಯಲ್ಲಿರುತ್ತವೆ. ಮರಾಠಿ ಮಾತು ಬಂದರೂ ಬರಹ ಓದಲು ಬಾರದ ಕನ್ನಡಿಗರು ಸಹಿ ಅಥವಾ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ಅದರಲ್ಲಿ ನಾಲ್ಕು ಸಂಗತಿ ಇವೆಯೇ ನೋಡಬೇಕು: ದರ ಎಷ್ಟು, ಹಣ ಯಾವಾಗ, ವಾರದ ಬಿಡುವು ಯಾವ ದಿನ, ಕಾಯಿಲೆ ಬಿದ್ದರೆ ಏನು. ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ. ಉಳಿದ ಎರಡನ್ನೂ ಅದೇ ದಿನ, ಅದೇ ದನಿಯಲ್ಲಿ ಕೇಳಬೇಕು.